ಖೂ ಕೊಂಗ್ಸಿ, ಪೆನಾಂಗ್: ಅತ್ತೆ ಕಂಡ ಚೀನೀ ತರವಾಡು ಮನೆ

ಮಲೇಷ್ಯಾದ ಪೆನಾಂಗ್ ದ್ವೀಪದ ಖೂ ಕೊಂಗ್ಸಿಗೆ ಇದು ನನ್ನ ಎರಡನೇ ಭೇಟಿ. ಮೊದಲ ಸಲ ಪ್ಯಾಕೇಜ್ ಟೂರಿನಲ್ಲಿ ಬಂದಾಗ ನಮ್ಮ ಗೈಡ್ ಮಹಾಶಯ ಕೊಟ್ಟದ್ದು ಬರೀ ಇಪ್ಪತ್ತೈದು ನಿಮಿಷ. ಅದರಲ್ಲಿ ಹತ್ತು ನಿಮಿಷ ಗ್ರೂಪ್ ಫೋಟೋಗೇ ಹೋಯಿತು. ಆಗ ಯಾರಾದರೂ ಕೇಳಿದ್ದರೆ "ಚಂದದ ಚೀನೀ ದೇವಸ್ಥಾನ, ಐದಕ್ಕೆ ಮೂರು" ಅಂತ ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಈ ಸಲ ಪುತ್ತೂರಿನಿಂದ ಬಂದಿದ್ದ ಎಪ್ಪತ್ತನಾಲ್ಕು ವರ್ಷದ ಅತ್ತೆ ಜೊತೆಗಿದ್ದರು. ಕೌಲಾಲಂಪುರದಿಂದ ಬಟರ್‌ವರ್ತ್‌ವರೆಗೆ ರೈಲು, ಅಲ್ಲಿಂದ ಕಡಲು ದಾಟಲು ಫೆರಿ. ಅವಸರ ಇರಲಿಲ್ಲ.

ಪೆನಾಂಗಿನ ಮುಖ್ಯ ಊರು ಜಾರ್ಜ್‌ಟೌನಿನ ಆರ್ಮೇನಿಯನ್ ಸ್ಟ್ರೀಟಿಗೆ ಬಂದವರೆಲ್ಲ ಮೊದಲು ನಿಲ್ಲುವುದು ಸೈಕಲ್ ಮೇಲೆ ಕೂತ ಇಬ್ಬರು ಮಕ್ಕಳ ಗೋಡೆಚಿತ್ರದ ಮುಂದೆ. 2012ರಲ್ಲಿ ಲಿಥುವೇನಿಯಾದ ಕಲಾವಿದ ಅರ್ನೆಸ್ಟ್ ಜಕರೆವಿಚ್ ಬರೆದದ್ದು. ಫೋಟೋಗೆ ಅಲ್ಲಿ ಕ್ಯೂ ಉಂಟು. ಅಲ್ಲಿಂದ ಸ್ವಲ್ಪವೇ ದೂರ, ಕ್ಯಾನನ್ ಸ್ಟ್ರೀಟಿನ ಕಡೆಯಿಂದ ಒಂದು ಇಕ್ಕಟ್ಟಾದ ದಾರಿ ಒಳಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಒಳಗೆ ಏನಿದೆ ಅಂತ ಗೊತ್ತೇ ಆಗುವುದಿಲ್ಲ. ಹತ್ತು ಹೆಜ್ಜೆ ಹೋದರೆ ಕಲ್ಲು ಹಾಸಿದ ದೊಡ್ಡ ಅಂಗಳ. ಒಂದು ಕಡೆ ಮಾಡಿನ ತುಂಬ ಡ್ರ್ಯಾಗನ್ನುಗಳನ್ನು ಹೊತ್ತ ಮುಖ್ಯ ಕಟ್ಟಡ, ಅದಕ್ಕೆ ಸರಿಯಾಗಿ ಎದುರು ನಾಟಕದ ರಂಗ, ಸುತ್ತ ಸಾಲು ಮನೆಗಳು.

ಅತ್ತೆ ಅಂಗಳದ ನಡುವೆ ನಿಂತು ಒಂದು ಸುತ್ತು ತಿರುಗಿ ನೋಡಿದರು. "ಇದು ಕುಟುಂಬದ ತರವಾಡು ಮನೆ ಅಲ್ವಾ ಮಾರಾಯ್ತಿ? ನಮ್ಮದರ ಹಾಗೇ. ದುಡ್ಡು ಸ್ವಲ್ಪ ಜಾಸ್ತಿ ಇದ್ದವರದ್ದು."

ಟಿಕೆಟ್ ತೆಗೆಯುವ ಮೊದಲೇ ಅವರು ವಿಷಯ ಹಿಡಿದಿದ್ದರು. ಖೂ ಅಂದರೆ ಮನೆತನದ ಹೆಸರು, ಕೊಂಗ್ಸಿ ಅಂದರೆ ಆ ಮನೆತನದವರ ಸಂಘ. ದಕ್ಷಿಣ ಚೀನಾದ ಫೂಜಿಯನ್ ಪ್ರಾಂತ್ಯದ ಸಿನ್ ಕಾಂಗ್ ಎಂಬ ಒಂದೇ ಹಳ್ಳಿಯಿಂದ ಬಂದ ಖೂಗಳು 1835ರಲ್ಲಿ ಇಲ್ಲಿ ಸಂಘ ಕಟ್ಟಿಕೊಂಡರು. ಅದರ ಹೆಸರು ಲಿಯೊಂಗ್ ಸಾನ್ ತೋಂಗ್, ಅಂದರೆ ಡ್ರ್ಯಾಗನ್ ಬೆಟ್ಟದ ಮಂಟಪ. ಹಡಗಿನಿಂದ ಇಳಿದ ಹುಡುಗನಿಗೆ ಮಲಗಲು ಜಾಗ, ಮಾಡಲು ಕೆಲಸ, ಸತ್ತರೆ ಹೂಳಲು ನಾಲ್ಕು ಜನ. ಇಂಥ ಕೂಟಗಳು ಕೊಡುತ್ತಿದ್ದದ್ದು ಇದನ್ನೇ. ಪೆನಾಂಗಿನ ಹೊಕ್ಕಿಯನ್, ಅಂದರೆ ಫೂಜಿಯನ್ ಮೂಲದ ಚೀನೀಯರಲ್ಲಿ ಐದು ದೊಡ್ಡ ಮನೆತನಗಳು ಅಂತ ಲೆಕ್ಕ: ಖೂ, ಚಿಯಾ, ಯೋ, ಲಿಮ್, ತಾನ್. ಅವುಗಳಲ್ಲಿ ಕಣ್ಣು ಕುಕ್ಕುವ ಹಾಗೆ ಕಟ್ಟಿದವರು ಇವರು.

ಕುಕ್ಕಿದ್ದು ಜಾಸ್ತಿಯೇ ಆಯಿತಂತೆ. 1894ರಲ್ಲಿ ಶುರುಮಾಡಿ ವರ್ಷಗಟ್ಟಲೆ ಕಟ್ಟಿದ ಭವನ, ಕೆಲಸ ಮುಗಿಯಿತು ಅನ್ನುವ ಹೊತ್ತಿಗೆ ಬೆಂಕಿಗೆ ಸುಟ್ಟುಹೋಯಿತು. ಚಕ್ರವರ್ತಿಯ ಅರಮನೆಯ ಹಾಗೆ ಕಟ್ಟಿದ್ದಕ್ಕೆ ದೇವರಿಗೆ ಸಿಟ್ಟು ಬಂತು ಅಂತ ಜನ ಮಾತಾಡಿಕೊಂಡರು. ಈಗ ನಾವು ನೋಡುವುದು 1906ರಲ್ಲಿ ಮತ್ತೆ ಕಟ್ಟಿದ, "ಸಣ್ಣದು ಮಾಡಿದ" ಆವೃತ್ತಿ. ಸಣ್ಣದು! ಕಂಬಕ್ಕೆ ಸುತ್ತಿದ ಕಲ್ಲಿನ ಡ್ರ್ಯಾಗನ್, ತೊಲೆತೊಲೆಗೂ ಚಿನ್ನದ ಲೇಪ, ಬಾಗಿಲ ಪಕ್ಕ ಕಾವಲಿಗೆ ಕಲ್ಲಿನ ಸಿಖ್ ಸಿಪಾಯಿ. ಹೌದು, ಪಗಡಿ, ಗಡ್ಡ ಎಲ್ಲ ಇರುವ ಸರ್ದಾರ್ಜಿ. ಬ್ರಿಟಿಷರ ಕಾಲದಲ್ಲಿ ಈ ಊರಿನ ಸಾಹುಕಾರರು ಕಾವಲಿಗೆ ಸಿಖ್ಖರನ್ನು ಇಟ್ಟುಕೊಳ್ಳುತ್ತಿದ್ದರು. ಪೂರ್ವಜರ ಮನೆಯನ್ನು ಕಾಯಲೂ ಅವನೇ ಬೇಕಾಯಿತು. ಬಹುಸಂಸ್ಕೃತಿ ಅಂತ ಎಷ್ಟು ಭಾಷಣ ಕೇಳಿದ್ದೇನೆ, ಈ ಕಲ್ಲಿನ ಮನುಷ್ಯನಷ್ಟು ಚೆನ್ನಾಗಿ ಯಾರೂ ಹೇಳಲಿಲ್ಲ.

ಮಾಡಿನ ಮೇಲಿನ ಹೂವು, ಹಕ್ಕಿ, ಯೋಧರೆಲ್ಲ ಬಣ್ಣದ ಪಿಂಗಾಣಿ ಬಟ್ಟಲುಗಳನ್ನು ಕತ್ತರಿಸಿ, ಚೂರು ಚೂರೇ ಅಂಟಿಸಿ ಮಾಡಿದವು. ಒಂದೊಂದು ದಳಕ್ಕೂ ಒಂದೊಂದು ಚೂರು. ಒಡೆದ ಬಟ್ಟಲು ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ನನಗೆ ಬೈಯುತ್ತಾ ಬಂದ ಅತ್ತೆ ಕತ್ತು ಮೇಲೆತ್ತಿ ನೋಡಿದವರು ಮಾತೇ ಆಡಲಿಲ್ಲ.

ಮೆಟ್ಟಿಲು ಹತ್ತಿದರೆ ಮೂರು ಕೋಣೆ. ನಡುವಿನದರಲ್ಲಿ ಮನೆತನದ ರಕ್ಷಕ ದೇವತೆಗಳು. ಒಂದು ಬದಿಯಲ್ಲಿ ತುವಾ ಪೆಕ್ ಕೋಂಗ್, ಈ ಕಡೆಯ ಚೀನೀಯರು ಸಂಪತ್ತಿಗಾಗಿ ನಂಬುವ ಅಜ್ಜ ದೇವರು. ಇನ್ನೊಂದು ಬದಿಯಲ್ಲಿ ಪೂರ್ವಜರ ಹೆಸರಿನ ಫಲಕಗಳು, ಸಾಲು ಸಾಲು. ಅಲ್ಲೇ ನಾವು ಒಂದು ಗಂಟೆ ಕಳೆದೆವು. ಗೋಡೆಗಳ ಮೇಲೆ ಇನ್ನೊಂದು ಬಗೆಯ ಫಲಕಗಳಿವೆ: ಮನೆತನದಲ್ಲಿ ಯಾರು ಪದವಿ ಪಡೆದರು, ಯಾರು ವಕೀಲರಾದರು, ಯಾರು ಡಾಕ್ಟರಾದರು. ಹಳೆಯ ಚೀನಾದ ಬಿರುದುಗಳ ಪಕ್ಕದಲ್ಲೇ ಈಗಿನ ಯೂನಿವರ್ಸಿಟಿ ಡಿಗ್ರಿ. ನನ್ನ ಕಣ್ಣಿಗೆ ಇಡೀ ಜಾಗದಲ್ಲಿ ಅತ್ಯಂತ ಜಾಣತನದ ವಸ್ತು ಇದು. ಇಪ್ಪತ್ತೆರಡು ವರ್ಷದ ಹುಡುಗನನ್ನು "ಪರಂಪರೆ ಉಳಿಸು" ಅಂತ ಕರೆದರೆ ಬರುವುದಿಲ್ಲ. ಅವನ ಹೆಸರು ಮುತ್ತಜ್ಜನ ಹೆಸರಿರುವ ಗೋಡೆಗೆ ಏರುತ್ತದೆ ಅಂದರೆ ಅಮ್ಮನಾದರೂ ಎಳೆದುಕೊಂಡು ಬರುತ್ತಾಳೆ.

ನಮ್ಮ ಕುಟುಂಬದ ಟ್ರಸ್ಟ್‌ನಲ್ಲಿ ವರ್ಷಕ್ಕೊಮ್ಮೆ ತಂಬಿಲಕ್ಕೆ, ಅಂದರೆ ದೈವಗಳ ಸೇವೆಗೆ ಸೇರುವುದು, ಲೆಕ್ಕ ಓದುವುದು, ಲೆಕ್ಕದ ವಿಷಯದಲ್ಲಿ ಜಗಳ ಆಡುವುದು, ಊಟ ಮಾಡಿ ಹೋಗುವುದು. ಹೆಸರು ಬರೆದಿಟ್ಟ ಪುಸ್ತಕ ಒಂದಿತ್ತು, ಮಾಡು ಸೋರಿ ಹಾಳಾಯಿತು. ಅತ್ತೆ ಅಲ್ಲಿಂದಲೇ ವಾಟ್ಸ್ಯಾಪಿನಲ್ಲಿ ತಮ್ಮನಿಗೆ ಫೋನ್ ಮಾಡಿ, ಅಜ್ಜಿಯ ಅಜ್ಜಿಯ ಹೆಸರೇನು ಅಂತ ಕೇಳಿದರು. ಆಚೆಯಿಂದ ಮೂರು ತಲೆಮಾರು ಬಂತು, ಮುಂದೆ ನಿಂತಿತು.

ಆಮೇಲೆ ಅವರ ತಕರಾರು ಶುರುವಾಯಿತು. ಇಲ್ಲಿ ಲೆಕ್ಕ ಎಲ್ಲ ಅಪ್ಪನ ಕಡೆಯಿಂದ. ಖೂ ಮನೆಯ ಮಗಳು ಮದುವೆಯಾದರೆ ಅವಳ ಮಕ್ಕಳು ಖೂಗಳಲ್ಲ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದಲ್ಲಿ ಬೆಳೆದ ಅತ್ತೆಗೆ ಇದು ಗಂಟಲಲ್ಲಿ ಇಳಿಯಲಿಲ್ಲ. "ನಿನ್ನ ಮಕ್ಕಳು ನಿನ್ನ ಕುಟುಂಬಕ್ಕೆ, ನನ್ನ ಮಗ ನನ್ನ ಕುಟುಂಬಕ್ಕೆ. ಹೆತ್ತವಳು ಯಾರು ಅನ್ನೋದ್ರಲ್ಲಿ ಸಂಶಯ ಇರೋದಿಲ್ಲ ನೋಡು. ಇವರು ಉಲ್ಟಾ ಹಿಡ್ಕೊಂಡಿದ್ದಾರೆ." ಒಂದೇ ಹೆಸರಿನವರು ಪರಸ್ಪರ ಮದುವೆಯಾಗಬಾರದು ಅನ್ನುವ ಹಳೆಯ ಕಟ್ಟು ಚೀನೀಯರಲ್ಲೂ ಇತ್ತು ಅಂದಾಗ, ನಮ್ಮಲ್ಲಿ ಗೋತ್ರದ ಹಾಗೆ ನೋಡುವ "ಬಳಿ"ಯ ಲೆಕ್ಕದ ಹಾಗೇ ಅಂತ ಸ್ವಲ್ಪ ಸಮಾಧಾನವಾದರು.

ರಂಗದ ಬಗ್ಗೆ ಹೇಳಲೇಬೇಕು. ಅದರ ಮುಖ ಪ್ರೇಕ್ಷಕರ ಕಡೆಗಲ್ಲ, ದೇವರ ಕಡೆಗೆ. ಆಟ ನೋಡುವವರು ಒಳಗಿನ ದೇವತೆಗಳು ಮತ್ತು ಪೂರ್ವಜರು, ನಾವು ನಡುವೆ ಕೂತ ಬಿಟ್ಟಿ ಗಿರಾಕಿಗಳು. ಸತ್ತವರು ಭೂಮಿಗೆ ಬರುತ್ತಾರೆ ಎಂದು ಚೀನೀಯರು ನಂಬುವ ಪ್ರೇತಗಳ ತಿಂಗಳಲ್ಲಿ ಊರಲ್ಲಿ ಎಲ್ಲಿ ಆಟ ಆದರೂ ಮುಂದಿನ ಸಾಲಿನ ಕುರ್ಚಿ ಅವರಿಗಾಗಿ ಖಾಲಿ ಬಿಡುತ್ತಾರೆ. ದೇವರಿಗೆ ಹರಕೆ ಹೊತ್ತು ಆಡಿಸುವ ಯಕ್ಷಗಾನ ಆಟ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುತ್ತಲಿನ ಸಾಲು ಮನೆಗಳು ಬರೀ ಅಂದಕ್ಕೆ ಇದ್ದವಲ್ಲ. ಕುಲದವರು ವಾಸವಿದ್ದದ್ದೂ ಅಲ್ಲೇ, ಹೊರಗಿನವರು ನುಗ್ಗದ ಹಾಗೆ ಕೋಟೆಯೂ ಅದೇ. ಕಾರಣ ಇತ್ತು. 1867ರಲ್ಲಿ ಈ ಊರಲ್ಲಿ ಗೀ ಹಿನ್ ಮತ್ತು ತೋ ಪೆಕ್ ಕೋಂಗ್ ಎಂಬ ಎರಡು ಗುಪ್ತ ಸಂಘಗಳ ನಡುವೆ ದಿನಗಟ್ಟಲೆ ಬೀದಿಕಾಳಗ ನಡೆಯಿತು. ಎರಡನೆಯದರ ನಾಯಕ ಖೂ ಥಿಯಾನ್ ತೆಕ್. ಅವನಿಗೆ ಮರಣದಂಡನೆ ಆಗಿ, ಆಮೇಲೆ ಅದು ಕಡಿಮೆಯಾಯಿತು. ಈಗ ಅವನ ಹೆಸರಿನಲ್ಲಿ ಒಂದು ರಸ್ತೆಯೇ ಉಂಟು! ಕ್ಯಾನನ್ ಸ್ಟ್ರೀಟ್ ಅನ್ನುವ ಹೆಸರು ಬಂದದ್ದೂ ಆಗ ಹಾರಿಸಿದ ಫಿರಂಗಿಯಿಂದ ಅನ್ನುತ್ತಾರೆ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಆ ಜಗಳದಲ್ಲಿ ಮಲಯರ ಗುಪ್ತ ಸಂಘಗಳಲ್ಲಿ ಕೆಂಪು ಬಾವುಟದವರು ಒಂದು ಕಡೆ, ಬಿಳಿ ಬಾವುಟದವರು ಇನ್ನೊಂದು ಕಡೆ ಸೇರಿದ್ದರು. ಬೇರೆ ಬೇರೆ ಜನ ಕೂಡಿ ಬಾಳಿದ್ದನ್ನೇ ಎಲ್ಲರೂ ಹೇಳುತ್ತಾರೆ, ಕೂಡಿ ಹೊಡೆದಾಡಿದ್ದೂ ಉಂಟು.

ಹೀಗಾಗಿ ಬರೀ ಕಟ್ಟಡ ನೋಡಿ ಮರಳಬೇಡಿ. ಮುಖ್ಯ ಭವನದ ಕೆಳಗಿನ ಅಂತಸ್ತಿನಲ್ಲಿ ವಂಶಾವಳಿ, ಇತಿಹಾಸದ ಪ್ರದರ್ಶನ ಇದೆ, ಅದಕ್ಕೆ ಸಮಯ ಇಡಿ. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. ಮಧ್ಯಾಹ್ನ ಕಲ್ಲಿನ ಅಂಗಳ ದೋಸೆ ಕಾವಲಿ ಆಗಿರುತ್ತದೆ, ಬೆಳಿಗ್ಗೆಯೇ ಹೋಗಿ. ಮಂಡಿನೋವಿನವರಿಗೆ ಮೆಟ್ಟಿಲು ಕಷ್ಟ. ಅತ್ತೆ ನಾಲ್ಕು ಸಲ ನಿಂತು ಹತ್ತಿದರು. ಇದಾದ ಮೇಲೆ ಅದೇ ಆರ್ಮೇನಿಯನ್ ಸ್ಟ್ರೀಟಿನಲ್ಲಿರುವ ಚಿಯಾ ಕೊಂಗ್ಸಿಗೂ ಹೋಗಿ. 1810ರ ಸಂಘ, ಐದರಲ್ಲಿ ಹಿರಿಯದು. ಮುಂದೆ ಹಸಿರು ಹುಲ್ಲುಹಾಸು, ಜನ ಕಡಿಮೆ, ಕೂತು ಉಸಿರಾಡಬಹುದು. ಚೀನೀ ಹೊಸವರ್ಷದ ಒಂಬತ್ತನೇ ದಿನದ ಹೊತ್ತಿಗೆ ಬಂದರೆ ಕಡಲ ಮೇಲೆ ಕಂಬ ಹುಗಿದು ಕಟ್ಟಿದ ಚ್ಯೂ ಮನೆತನದ ಜೆಟ್ಟಿ ನೋಡಬೇಕು. ಆಕಾಶದೊಡೆಯನ ಹುಟ್ಟುಹಬ್ಬಕ್ಕೆ ಅಲ್ಲಿ ಕಬ್ಬಿನ ಜಲ್ಲೆ ಕಟ್ಟುತ್ತಾರೆ. ಹಿಂದೊಮ್ಮೆ ಶತ್ರುಗಳಿಂದ ಹೊಕ್ಕಿಯನ್ನರನ್ನು ಅಡಗಿಸಿ ಕಾಪಾಡಿದ್ದು ಕಬ್ಬಿನ ಗದ್ದೆ ಅನ್ನುವುದು ಕಥೆ. ನಾನಿನ್ನೂ ನೋಡಿಲ್ಲ, ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇನೆ.

ನನ್ನ ಅಂಕ ಐದಕ್ಕೆ ಐದು. ಅತ್ತೆಯದು ನಾಲ್ಕೂವರೆ, ಮಗಳ ಮಕ್ಕಳನ್ನು ಬಿಟ್ಟದ್ದಕ್ಕೆ ಅರ್ಧ ಕಟ್.

ಹೊರಗೆ ಬಂದು ಲಿಟಲ್ ಇಂಡಿಯಾ ಕಡೆ ನಡೆದು, ತಮಿಳು ಮುಸ್ಲಿಮರ ಒಂದು ಅಂಗಡಿಯಲ್ಲಿ ಚೆಂಡೋಲ್ ಹೇಳಿದೆವು. ತೆಂಗಿನ ಹಾಲು, ಬೆಲ್ಲ, ಹಸಿರು ಶಾವಿಗೆ, ಮಂಜುಗಡ್ಡೆ. ಅತ್ತೆಗೆ ಶೀತದ ಭಯ, ಹಾಗಾಗಿ ಇಬ್ಬರಿಗೂ ಸೇರಿ ಒಂದೇ. ಅಂಗಡಿಯವ ಎರಡು ಚಮಚ ಎತ್ತಿ ಹಿಡಿದು ಕೇಳಿದ: "ಕೊಂಗ್ಸಿ?"

ಅತ್ತೆ ನನ್ನ ಮುಖ ನೋಡಿದರು. ಮಲಯ ಭಾಷೆಯಲ್ಲಿ ಹಂಚಿಕೊಳ್ಳುವುದಕ್ಕೆ ಹಾಗೇ ಹೇಳುವುದು, ಚೀನೀಯರಿಂದ ಬಂದ ಮಾತು ಅಂತ ನಾನು ಬಿಡಿಸಿ ಹೇಳುವಷ್ಟರಲ್ಲಿ ಅವರು ಅವನನ್ನು ಮೇಲಿಂದ ಕೆಳಗೆ ನೋಡಿ ಮುಗಿಸಿದ್ದರು.

"ಇವನೂ ಆ ಕುಟುಂಬದವನಾ?"