ಎರಡು ವಸಂತ ಕಂಡ ಕತ್ತರಿ

ಗಿಡ ಸವರುವ ಕತ್ತರಿ, ಕೆಂಪು ಹಿಡಿಯ ಈ ಸೆಕೇಟರ್, ನನ್ನ ಕೈಗೆ ಬಂದು ಎರಡು ವಸಂತಗಳಾದವು. ಕೊಂಡ ವಾರದಲ್ಲೇ ಐದು ನಕ್ಷತ್ರ ಕೊಡುವವರನ್ನು ನಾನು ನಂಬುವುದಿಲ್ಲ. ಕತ್ತರಿಯ ಯೋಗ್ಯತೆ ತಿಳಿಯುವುದು ಕಾರ್ಖಾನೆ ಕೊಟ್ಟ ಹರಿತ ಹೋಗಿ, ನಾವೇ ಸಾಣೆ ಹಿಡಿದ ಮೇಲೆ.

ಇದರಲ್ಲಿ ಅಲಗು ಒಂದೇ. ಎದುರಿನದು ಕೊಕ್ಕಿನಂತೆ ಬಾಗಿ ಕೊಂಬೆಯನ್ನು ಹಿಡಿದುಕೊಳ್ಳುತ್ತದೆ, ಅಲಗು ಅದರ ಪಕ್ಕದಲ್ಲಿ ಜಾರಿ ಇಳಿಯುತ್ತದೆ. ನನ್ನ ಹಳೆಯ ಕತ್ತರಿಯಲ್ಲಿ ಅಲಗು ಚಪ್ಪಟೆ ಲೋಹದ ಮೇಲೆ ಬಂದು ಕೂರುತ್ತಿತ್ತು. ಒಣಕಡ್ಡಿಗೆ ಅದು ಸಾಕು, ಎಳೆಯ ಕೊಂಬೆಯನ್ನು ಮಾತ್ರ ಜಜ್ಜುತ್ತಿತ್ತು. ಗುಲಾಬಿಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಹೊರಮುಖವಾದ ಕಣ್ಣಿಗಿಂತ, ಅಂದರೆ ಚಿಗುರು ಒಡೆಯುವ ಗಂಟಿಗಿಂತ, ಐದಾರು ಮಿಲಿಮೀಟರ್ ಮೇಲೆ, ಓರೆಯಾಗಿ ಸವರುವುದು ನನ್ನ ರೂಢಿ. ಹಳೆಯ ಕತ್ತರಿಯ ಗಾಯ ಕಪ್ಪಾಗಿ, ಆ ಕಪ್ಪು ಮೆಲ್ಲಗೆ ಇಳಿದು ಕಣ್ಣನ್ನೇ ಸುಟ್ಟುಬಿಡುತ್ತಿತ್ತು. ಈಗ ಸವರಿದ ಮುಖ ನುಣ್ಣಗಿರುತ್ತದೆ: ಸುತ್ತ ಹಸಿರು ಗೆರೆ, ನಡುವೆ ಬಿಳಿಯ ಬೆಂಡು. ಕೆಲವೇ ದಿನಗಳಲ್ಲಿ ಅದರ ಕೆಳಗೆ ಕಣ್ಣು ಕೆಂಪಗೆ ಉಬ್ಬಿ, ಮುಷ್ಟಿ ಬಿಚ್ಚಿದಂತೆ ಎಲೆ ಬಿಡುತ್ತದೆ. ಇದಕ್ಕಾಗಿಯೇ ಪೂರ್ತಿ ಅಂಕ ಕೊಡಬಹುದಿತ್ತು.

ಆದರೆ ಇಷ್ಟು ಸಲೀಸಾಗಿ ಕತ್ತರಿಸುವ ಸಾಧನ ಕೈಯಲ್ಲಿದ್ದರೆ ಕೈ ಸುಮ್ಮನಿರುವುದಿಲ್ಲ. ಮೊದಲ ವರ್ಷ, ಚಳಿಗಾಲದ ಕೊನೆಯಲ್ಲಿ, ಬೋಗನ್‌ವಿಲ್ಲಾ ಸವರಿದ ಹುಮ್ಮಸ್ಸಿನಲ್ಲೇ ಪಕ್ಕದ ದೇವಕಣಗಿಲೆಗೂ ತಿರುಗಿದೆ. ಬೋಗನ್‌ವಿಲ್ಲಾ ಹೊಸ ಚಿಗುರಿನಲ್ಲಿ ಹೂ ಬಿಡುವ ಬಳ್ಳಿ, ಸವರಿದಷ್ಟೂ ಅದಕ್ಕೆ ಖುಷಿ. ದೇವಕಣಗಿಲೆಯ ಹೂಗೊಂಚಲು ಏಳುವುದು ಕೊಂಬೆಯ ತುದಿಯಲ್ಲಿ. ಎಲೆ ಉದುರಿ ಮೊಂಡಾಗಿ ನಿಂತಿದ್ದ ಆ ತುದಿಗಳನ್ನು ಒಂದೊಂದಾಗಿ ತೆಗೆದವನು ನಾನೇ. ಆ ವಸಂತದಲ್ಲಿ ಹೊಂಗೆ ತಳಿರಿಟ್ಟಿತು, ಮುತ್ತುಗ ಎಲೆಯಿಲ್ಲದೆ ಉರಿಯಿತು, ಬೇವು ಮೆತ್ತಗೆ ಘಮಘಮಿಸಿತು. ದೇವಕಣಗಿಲೆ ಎಲೆ ಹೊದ್ದುಕೊಂಡು ಮುಖ ತಿರುಗಿಸಿ ನಿಂತಿತು. ಒಂದು ಹೂವೂ ಇಲ್ಲ. ಇದನ್ನು ಕತ್ತರಿಯ ದೋಷಕ್ಕೆ ಸೇರಿಸುವುದು ಅನ್ಯಾಯ, ಗೊತ್ತು. ಹಳೆಯ ಮೊಂಡು ಕತ್ತರಿಯಾಗಿದ್ದರೆ ಮೂರನೆಯ ಕೊಂಬೆಗೇ ಬೇಸತ್ತು ಬಿಡುತ್ತಿದ್ದೆ ಎನ್ನುವುದೂ ಅಷ್ಟೇ ನಿಜ.

ಅದೇ ಗಿಡದ ಹಾಲು ಕತ್ತರಿಯ ನಿಜವಾದ ದೋಷವನ್ನೂ ತೋರಿಸಿತು. ಹಾಲು ತಿರುಪಿನ ಸಂದಿಗೆ ಇಳಿದು ಒಣಗಿ ಅಂಟಾಯಿತು. ಒಳಗಿನ ಸ್ಪ್ರಿಂಗ್ ಬಡಕಲು, ಹಿಡಿ ತಾನಾಗಿ ತೆರೆದುಕೊಳ್ಳಲಿಲ್ಲ. ಪ್ರತಿ ಸಲವೂ ಎಡಗೈಯಿಂದ ಎಳೆದು ಬಿಡಿಸಬೇಕಾಯಿತು. ಈಗ ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸುತ್ತೇನೆ. ಅಂಟೂ ಹೋಗುತ್ತದೆ, ಒಂದರ ರೋಗ ಇನ್ನೊಂದಕ್ಕೆ ದಾಟುವುದೂ ತಪ್ಪುತ್ತದೆ. ಸಾಣೆ ಹಿಡಿಯುವಾಗ ಇಳಿಜಾರಿರುವ ಬದಿಗೆ ಮಾತ್ರ ಹಿಡಿಯಿರಿ. ಚಪ್ಪಟೆ ಬದಿಯನ್ನು ಉಜ್ಜಿದರೆ ಅಲಗಿಗೂ ಕೊಕ್ಕಿಗೂ ನಡುವೆ ಸಂದಿ ಬಿದ್ದು ತೊಗಟೆ ಸಿಕ್ಕಿಕೊಳ್ಳುತ್ತದೆ.

ಪೆಟ್ಟಿಗೆಯ ಮೇಲೆ 25 ಮಿಲಿಮೀಟರ್ ದಪ್ಪದವರೆಗೆ ಎಂದು ಬರೆದಿದೆ. ಹೆಬ್ಬೆರಳ ಗಾತ್ರ ದಾಟಿದರೆ ಅಲಗು ವಾಲುತ್ತದೆ, ಹೊಂಗೆಯಲ್ಲಿ ಪರೀಕ್ಷಿಸಿಯೇ ಹೇಳುತ್ತಿದ್ದೇನೆ. ಅಂಥ ಕೊಂಬೆಗೆ ಗರಗಸವೇ ಸರಿ, ಅದೂ ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಬಳೆಯನ್ನು ಮುಟ್ಟದೆ. ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ, ಮರ ಅದನ್ನು ಒಳಗೇ ಗೋಡೆ ಕಟ್ಟಿ ಬೇರ್ಪಡಿಸುತ್ತದೆ ಎಂದು ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟರು. ಆ ಕೆಲಸ ಶುರುವಾಗುವುದು ಈ ಬಳೆಯಲ್ಲಿ. ಇದು ತಿಳಿದ ಮೇಲೆ ಗಾಯಕ್ಕೆ ಡಾಂಬರು ಬಳಿಯುವುದನ್ನು ನಾನು ಬಿಟ್ಟೆ.

ಅಂದ ಹಾಗೆ, ಸೆಕೇಟರ್ ಕಂಡುಹಿಡಿದವನೆಂದು ಹೆಸರಾದ ಬರ್ಟ್ರಾಂ ದ ಮೋಲ್‌ವಿಲ್, ಫ್ರಾನ್ಸಿನ ಹದಿನಾರನೆಯ ಲೂಯಿಯ ಮಂತ್ರಿಯಾಗಿದ್ದವನು. ದೊರೆಯ ತಲೆ ಉರುಳಿದ ಕಾಲದಲ್ಲಿ ಇಂಗ್ಲೆಂಡಿಗೆ ಓಡಿ ತಲೆ ಉಳಿಸಿಕೊಂಡವನು. ಅಂಥವನಿಗೆ ಕತ್ತರಿಸುವ ಸಾಧನವೇ ಏಕೆ ಹೊಳೆಯಿತೋ!

ಈ ವಸಂತದಲ್ಲಿ ದೇವಕಣಗಿಲೆಯನ್ನು ಮುಟ್ಟಲಿಲ್ಲ. ನಾನು ಕಡಿದ ಒಂದೊಂದು ತುದಿಯಿಂದಲೂ ಎರಡು ಮೂರು ಕವಲೊಡೆದಿವೆ. ನಿನ್ನೆ ಎಣಿಸಿದಾಗ ಹನ್ನೊಂದು ಕವಲುಗಳಲ್ಲಿ ಮೊಗ್ಗಿತ್ತು. ಕತ್ತರಿಗೆ ಐದರಲ್ಲಿ ನಾಲ್ಕು. ಒಂದು ಕಳೆದದ್ದು ಸ್ಪ್ರಿಂಗಿಗೆ. ಎಡಗೈಯವರು ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ನೋಡಿ: ಅಲಗು ಬಲಗೈಯವರಿಗೆಂದೇ ಕೂರಿಸಿದ್ದು, ಚಿಲಕವೂ ಬಲ ಹೆಬ್ಬೆರಳಿಗೇ ಸಿಗುತ್ತದೆ.