ತುರ್ತು ಶೌಚಾಲಯದ ಕಾರ್ಡ್: ತೋರಿಸಿದರೆ ಬಾಗಿಲು ತೆರೆಯುತ್ತದೆಯೇ?

ಕರುಳಿನಲ್ಲಿ ದೀರ್ಘಕಾಲದ ಉರಿಯೂತ ಉಂಟುಮಾಡುವ ಕ್ರೋನ್ಸ್ ಕಾಯಿಲೆ ಅಥವಾ ಅಲ್ಸರೇಟಿವ್ ಕೊಲೈಟಿಸ್ ಇರುವವರಿಗೆ ಹಲವು ದೇಶಗಳ ರೋಗಿಗಳ ಸಂಘಗಳು ಒಂದು ಕಾರ್ಡನ್ನು ಕೊಡುತ್ತವೆ. ಹೊರಗಡೆ ಇದ್ದಾಗ ತಡೆಯಲಾಗದಂತಾದರೆ ಅದನ್ನು ಅಂಗಡಿಯವರಿಗೋ ಕಚೇರಿಯವರಿಗೋ ತೋರಿಸಿ, ಸಿಬ್ಬಂದಿಗೆಂದು ಇಟ್ಟಿರುವ ಶೌಚಾಲಯವನ್ನು ಬಳಸಲು ಅನುಮತಿ ಕೇಳಬಹುದು. ಕೊಲೈಟಿಸ್ ಇರುವ ನಾನು ಈ ಕಾರ್ಡನ್ನು ಬಹುಕಾಲದಿಂದ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೇನೆ. ಇದು ಖಂಡಿತ ಉಪಯೋಗಕ್ಕೆ ಬರುವ ವಸ್ತು. ಆದರೆ ಓದುವವರಿಗೆ ಈ ಕಾಯಿಲೆಯ ಹೆಸರು ಮೊದಲೇ ಕೇಳಿ ಗೊತ್ತಿದ್ದರೆ ಮಾತ್ರ ಅದು ಬೇಗ ಕೆಲಸ ಮಾಡುತ್ತದೆ. ಹಾಗೆ ಕೇಳಿ ಗೊತ್ತಾಗುವುದು ಸಾಮಾನ್ಯವಾಗಿ ಯಾರಾದರೂ ಆಟಗಾರರೋ ಕಲಾವಿದರೋ ಬಾಯಿಬಿಟ್ಟು ಹೇಳಿದಾಗ. ಹಾಗಾಗಿ ಕಾರ್ಡಿನ ಗುಣಾವಗುಣ ಹೇಳುವಾಗ ಅವರನ್ನು ಹೊರಗಿಡಲಾಗದು.

ಕಾರ್ಡ್ ಬ್ಯಾಂಕಿನ ಎಟಿಎಂ ಕಾರ್ಡಿನಷ್ಟೇ ದೊಡ್ಡದು, ನೀರು ಬಿದ್ದರೂ ಹಾಳಾಗದ ಪ್ಲಾಸ್ಟಿಕ್. ನನ್ನ ಬಳಿಯಿರುವುದರಲ್ಲಿ ಸಂಘದ ಲಾಂಛನವೂ ರೋಗದ ಹೆಸರೂ ದಪ್ಪ ಅಕ್ಷರದಲ್ಲಿವೆ. ಶೌಚಾಲಯ ತುರ್ತಾಗಿ ಬೇಕು ಎಂಬ ಮುಖ್ಯ ಮಾತು ಮಾತ್ರ ಕೆಳಗೆ ಸಣ್ಣಗೆ ಅಚ್ಚಾಗಿದೆ. ಇದು ದೊಡ್ಡ ದೋಷ. ಕೌಂಟರಿನಲ್ಲಿ ನಿಂತವರು ಕಾರ್ಡನ್ನು ತಿರುವಿ ನೋಡಿ, ಕನ್ನಡಕ ಹುಡುಕಿ, ಆಮೇಲೆ ಮ್ಯಾನೇಜರನ್ನು ಕರೆಯುವಷ್ಟು ಹೊತ್ತು ನಮ್ಮಂಥವರಿಗೆ ಇರುವುದಿಲ್ಲ. ಉರಿಯೂತವಿರುವ ಗುದನಾಳ ಹಿಗ್ಗಿ ಮಲವನ್ನು ಹಿಡಿದಿಡುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಅಲ್ಲಿಗೆ ಸ್ವಲ್ಪವೇ ಬಂದರೂ ಈಗಲೇ ಹೋಗಬೇಕು ಎನಿಸುತ್ತದೆ, ಮನಸ್ಸು ಗಟ್ಟಿಮಾಡಿಕೊಂಡರೆ ನಿಲ್ಲುವಂಥದ್ದಲ್ಲ. ಒಂದು ಅಂಗಡಿಯಲ್ಲಿ ಕಾರ್ಡ್ ತೋರಿಸಿದಾಗ ಅಲ್ಲಿದ್ದವರು ಬಹಳ ಸೌಜನ್ಯದಿಂದಲೇ, ನೋಡಿದರೆ ಚೆನ್ನಾಗಿಯೇ ಇದ್ದೀರಲ್ಲ ಎಂದರು. ಅವರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ, ತಿಳಿವಳಿಕೆ ಇರಲಿಲ್ಲ ಅಷ್ಟೇ.

ಆ ತಿಳಿವಳಿಕೆ ಕೊಡುವುದರಲ್ಲಿ ಪ್ರಸಿದ್ಧರೆಲ್ಲರ ಮಾತೂ ಒಂದೇ ತೂಕದ್ದಲ್ಲ. ಬ್ರಿಟನ್ನಿನ ದೋಣಿ ಸ್ಪರ್ಧಿ ಸ್ಟೀವ್ ರೆಡ್‌ಗ್ರೇವ್ ಅವರಿಗೆ ಕೊಲೈಟಿಸ್ ಇರುವುದು 1992ರಲ್ಲಿ ಪತ್ತೆಯಾಯಿತು. ಅದಾದ ಮೇಲೂ ಅವರು ಮೂರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು. ಅಮೆರಿಕದ ಈಜುಗಾರ್ತಿ ಕ್ಯಾಥ್ಲೀನ್ ಬೇಕರ್ ಕ್ರೋನ್ಸ್ ಇದ್ದುಕೊಂಡೇ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. ಹೊಸದಾಗಿ ರೋಗ ಪತ್ತೆಯಾದವರಿಗೆ ಇಂಥ ಸುದ್ದಿಗಳಿಂದ ಸಿಗುವ ಧೈರ್ಯ ಸಣ್ಣದೇನಲ್ಲ. ಆದರೆ ಕೌಂಟರಿನ ಆಚೆ ನಿಂತವರು ಇವುಗಳಿಂದ ಬೇರೆಯದೇ ಪಾಠ ಕಲಿಯುವ ಸಾಧ್ಯತೆಯಿದೆ: ಪದಕ ಗೆಲ್ಲುವವರಿಗೆ ಆಗುವುದಾದರೆ ನಿಮಗೆ ಐದು ನಿಮಿಷ ತಡೆದುಕೊಳ್ಳಲು ಏನು ಕಷ್ಟ ಎಂಬುದು. ರೋಗ ಶಮನದಲ್ಲಿರುವ ಕಾಲ ಬೇರೆ, ಉಲ್ಬಣಿಸಿದ ಕಾಲ ಬೇರೆ ಎಂಬುದು ಪದಕದ ಸುದ್ದಿಯಲ್ಲಿ ಕಾಣಿಸುವುದಿಲ್ಲ. ಈ ದೃಷ್ಟಿಯಿಂದ ನನಗೆ ಹೆಚ್ಚು ಮಹತ್ವದ್ದೆನಿಸುವುದು ಕೆಲಸ ನಿಲ್ಲಿಸಬೇಕಾಗಿ ಬಂದವರ ಮಾತು. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಡ್ಯಾರೆನ್ ಫ್ಲೆಚರ್ ಕೊಲೈಟಿಸ್‌ನಿಂದಾಗಿ ಆಟದಿಂದ ದೂರ ಉಳಿಯುವರೆಂದು 2011ರ ಡಿಸೆಂಬರಿನಲ್ಲಿ ಪ್ರಕಟವಾಯಿತು. 2007ರಲ್ಲಿ ರಾಜೀನಾಮೆ ಪ್ರಕಟಿಸಿದ ದಿನ ರೋಗದ ಹೆಸರೆತ್ತದಿದ್ದ ಜಪಾನಿನ ಪ್ರಧಾನಿ ಶಿಂಜೊ ಅಬೆ, 2020ರ ಆಗಸ್ಟಿನಲ್ಲಿ ಎರಡನೆಯ ಸಲ ಅಧಿಕಾರ ಬಿಡುವಾಗ ಕೊಲೈಟಿಸ್ ಮರುಕಳಿಸಿರುವುದನ್ನು ಪತ್ರಿಕಾಗೋಷ್ಠಿಯಲ್ಲಿ ನೇರವಾಗಿಯೇ ತಿಳಿಸಿದರು. ಪ್ರಧಾನಿಯೇ ಕುರ್ಚಿ ಬಿಡುವಂತೆ ಮಾಡುವ ರೋಗ ಎಂದು ತಿಳಿದವರು ಕಾರ್ಡನ್ನು ನೋಡುವ ರೀತಿಯೇ ಬೇರೆ.

ಕಾರ್ಡಿಗೆ ನಿಜವಾದ ಬಲ ಬಂದಿರುವುದು ಕಾನೂನು ಇರುವ ಕಡೆ. ಅಮೆರಿಕದಲ್ಲಿ ಕ್ರೋನ್ಸ್ ಇದ್ದ ಹದಿನಾಲ್ಕು ವರ್ಷದ ಆಲಿ ಬೇನ್ ಎಂಬ ಹುಡುಗಿಗೆ ಅಂಗಡಿಯೊಂದರಲ್ಲಿ ಶೌಚಾಲಯ ನಿರಾಕರಿಸಲಾಯಿತು. ಅವಳೂ ಅವಳ ತಾಯಿಯೂ ಸುಮ್ಮನಾಗದೆ ಶಾಸಕರ ಬೆನ್ನು ಹತ್ತಿದ್ದರಿಂದ 2005ರಲ್ಲಿ ಇಲಿನಾಯ್ ರಾಜ್ಯ ಇಂಥ ರೋಗಿಗಳಿಗೆ ಅಂಗಡಿಗಳು ಸಿಬ್ಬಂದಿಯ ಶೌಚಾಲಯ ಬಳಸಲು ಬಿಡಬೇಕೆಂಬ, ಅವಳ ಹೆಸರಿನಿಂದಲೇ ಕರೆಯಲಾಗುವ ಕಾನೂನನ್ನು ತಂದಿತು. ವಾಷಿಂಗ್ಟನ್ ರಾಜ್ಯದಲ್ಲಿ ಅಂಥದ್ದೇ ಕಾನೂನು 2009ರಲ್ಲಿ ಬಂದಾಗ ಅದರ ಪರವಾಗಿ ದನಿ ಎತ್ತಿದವರಲ್ಲಿ ಪರ್ಲ್ ಜ್ಯಾಮ್ ತಂಡದ ಗಿಟಾರ್ ವಾದಕ ಮೈಕ್ ಮೆಕ್‌ಕ್ರೆಡಿ ಒಬ್ಬರು. ಇಪ್ಪತ್ತೊಂದರ ಪ್ರಾಯದಲ್ಲಿ ಕ್ರೋನ್ಸ್ ಪತ್ತೆಯಾದ ಅವರು ಅದನ್ನು ಬಹಳ ವರ್ಷ ಬಹಿರಂಗವಾಗಿ ಹೇಳಿಕೊಂಡಿರಲಿಲ್ಲ. ಹೇಳಲು ತೊಡಗಿದ ಮೇಲೆ ಬರೀ ಸ್ಫೂರ್ತಿಯ ಮಾತಿಗೆ ನಿಲ್ಲದೆ, ಶೌಚಾಲಯದ ಪರದಾಟದ ಬಗ್ಗೆಯೇ ಮಾತಾಡಿದರು. ಹೆಸರಾಂತರಿಂದ ನಾವು ಬಯಸಬೇಕಾದದ್ದು ಇದನ್ನೇ ಎಂದು ನನ್ನ ಅಭಿಪ್ರಾಯ. ಕಾನೂನಿಗೂ ಮಿತಿಗಳಿವೆ: ಅಂಗಡಿಯಲ್ಲಿ ಒಬ್ಬರೇ ಕೆಲಸಕ್ಕಿದ್ದರೆ ಅಥವಾ ಶೌಚಾಲಯ ಸುರಕ್ಷಿತವಲ್ಲದ ಜಾಗದಲ್ಲಿದ್ದರೆ ಅದು ಅನ್ವಯಿಸುವುದಿಲ್ಲ. ಕಾನೂನಿಲ್ಲದ ಕಡೆ ಕಾರ್ಡ್ ಬರೀ ಕೋರಿಕೆ.

ಮೊಬೈಲಿನಲ್ಲಿ ತೋರಿಸುವ ಕಾರ್ಡನ್ನೂ ಕೆಲವು ಸಂಘಗಳು ಕೊಡುತ್ತಿವೆ. ಬೆವರಿದ ಕೈಯಲ್ಲಿ ಲಾಕ್ ತೆಗೆದು, ಆ್ಯಪ್ ತೆರೆದು ತೋರಿಸುವುದಕ್ಕಿಂತ ಪ್ಲಾಸ್ಟಿಕ್ ಕಾರ್ಡೇ ಮೇಲು. ಸದಸ್ಯತ್ವದ ಶುಲ್ಕ ಕಟ್ಟುವ ಮೊದಲು ಕಾರ್ಡಿನ ಚಿತ್ರ ನೋಡಿ, ಶೌಚಾಲಯದ ಮಾತು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ, ಸ್ಥಳೀಯರು ಓದುವ ಭಾಷೆಯಲ್ಲಿ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಹಿಂಬದಿಯಲ್ಲಿ ದಪ್ಪ ಮಾರ್ಕರಿನಿಂದ ನೀವೇ ಬರೆದುಕೊಳ್ಳಿ. ನಾನು ಮಾಡಿರುವುದೂ ಅದನ್ನೇ, ಈಗ ಅಂಗಡಿಯವರಿಗೆ ತೋರಿಸುವುದು ಆ ಬದಿಯನ್ನೇ.