ಮಾತಾಡಿಸಿಕೊಂಡು ಬಾ ಅಂತ ತಾಯಿ ಕಳಿಸಿದ ಹುಡುಗ

ಯಾರಿಗಾದರೂ ಆರಾಮಿಲ್ಲ ಅಂದರೆ ಕಲಬುರಗಿ ಕಡೆ ಮನೆಯಲ್ಲಿ ಮೊದಲು ಹೊರಡುವ ಮಾತು, "ಹೋಗಿ ಮಾತಾಡಿಸಿಕೊಂಡು ಬಾ". 2015ರ ಅಮೆರಿಕದ ಚಿತ್ರ 'ಮೀ ಆ್ಯಂಡ್ ಅರ್ಲ್ ಆ್ಯಂಡ್ ದ ಡೈಯಿಂಗ್ ಗರ್ಲ್' ಶುರುವಾಗುವುದೂ ಹೀಗೇ. ಪಿಟ್ಸ್‌ಬರ್ಗ್‌ನ ಹೈಸ್ಕೂಲ್ ಹುಡುಗ ಗ್ರೆಗ್‌ಗೆ ಸಹಪಾಠಿ ರೇಚಲ್ ಬರೀ ಮುಖಪರಿಚಯ. ಅವಳಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾದ ಕೂಡಲೇ ಅವನ ತಾಯಿ ಬೆನ್ನುಬಿದ್ದು ಕಳಿಸುತ್ತಾಳೆ. ರೇಚಲ್‌ಗೆ ಯಾರ ಕನಿಕರವೂ ಬೇಡ. ತಾಯಿ ಕಳಿಸಿದ್ದಕ್ಕೆ ಬಂದೆ ಅಂತ ಅವನೂ ಮುಚ್ಚಿಡುವುದಿಲ್ಲ. ಗೆಳೆತನ ಅಲ್ಲಿಂದ ಬೆಳೆಯುತ್ತದೆ, ಪ್ರೇಮಕ್ಕೆ ತಿರುಗದೆ. ಚಿತ್ರದ ದೊಡ್ಡ ಬಲ ಇದೇ.

ನಗು ಬರುವುದು ಗ್ರೆಗ್ ಮತ್ತು ಅವನ ಗೆಳೆಯ ಅರ್ಲ್ ಮಾಡಿದ 42 ಅಣಕು ಸಿನಿಮಾಗಳಿಂದ. 'ಎ ಕ್ಲಾಕ್‌ವರ್ಕ್ ಆರೆಂಜ್' ಇವರ ಕೈಯಲ್ಲಿ ಕಾಲುಚೀಲದ ಗೊಂಬೆಗಳ 'ಎ ಸಾಕ್‌ವರ್ಕ್ ಆರೆಂಜ್' ಆಗುತ್ತದೆ. ಮೂಲ ಸಿನಿಮಾ ಗೊತ್ತಿಲ್ಲದವರಿಗೆ ಈ ನಗೆ ಅರ್ಧಕ್ಕರ್ಧ ಸೋರಿಹೋಗುತ್ತದೆ.

ಇನ್ನು ಮುಂದೆ ಕೊನೆ ಬಯಲಾಗುತ್ತದೆ.

ಚಿಕಿತ್ಸೆ ಸಾಕು ಅಂತ ರೇಚಲ್ ಹೇಳುವ ದೃಶ್ಯದಲ್ಲಿ ನಿರ್ದೇಶಕ ಅಲ್ಫಾನ್ಸೊ ಗೋಮೆಜ್ ರೆಹೋನ್ ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿಬಿಡುತ್ತಾರೆ. ನಿಮಿಷಗಟ್ಟಲೆ ಕಟ್ ಇಲ್ಲ, ಸಮೀಪದ ಶಾಟ್ ಇಲ್ಲ. ಗ್ರೆಗ್ ಸಿಟ್ಟಾಗುತ್ತಾನೆ, ಅಂಗಲಾಚುತ್ತಾನೆ. ರೇಚಲ್ ಪಾತ್ರದ ಒಲಿವಿಯಾ ಕುಕ್ ದನಿ ಏರಿಸದೆ ಉತ್ತರಿಸುತ್ತಾಳೆ. ಕಣ್ಣು ತಿರುಗಿಸಲು ನಮಗೂ ಜಾಗ ಸಿಗುವುದಿಲ್ಲ.

ಕಾಯಿಲೆಯ ವಿವರದಲ್ಲಿ ಚಿತ್ರ ತೆಳು. "ಯಾವ ಸ್ಟೇಜ್?" ಅಂತ ನಮ್ಮವರು ಮೊದಲು ಕೇಳುತ್ತಾರೆ. ಗಡ್ಡೆಯ ಕ್ಯಾನ್ಸರಿಗೆ ಇರುವಂಥ ಒಂದು, ಎರಡು, ಮೂರರ ಲೆಕ್ಕ ತೀವ್ರ ರಕ್ತಕ್ಯಾನ್ಸರಿಗೆ ಇಲ್ಲ. ಜೀನ್ ಬದಲಾವಣೆ ನೋಡಿ ಅಪಾಯ ಅಳೆಯುತ್ತಾರೆ. ಇದರಲ್ಲಿ ಮೈಲಾಯ್ಡ್ ಎಂಬ ಒಂದು ಬಗೆಯ ಕ್ಯಾನ್ಸರಿಗೆ ವಾಡಿಕೆಯ ಮೊದಲ ಕೀಮೋದಲ್ಲಿ ಒಂದು ಔಷಧ 7 ದಿನ, ಜೊತೆಗೆ ಇನ್ನೊಂದು 3 ದಿನ. ಆಮೇಲೆ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗೆ ಇಳಿದಾಗ ಸಣ್ಣ ನೆಗಡಿಯೂ ಜೀವಕ್ಕೆ ಎರವಾಗಬಹುದು. ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರಕ್ಕೆ ಟಂಟಂ ತುಂಬ ಮಾತಾಡಿಸಲು ಹೊರಡುವವರು ಇದನ್ನು ತಿಳಿದಿರಬೇಕು: ಕೆಮ್ಮಿದ್ದರೆ ಹೋಗಬಾರದು, ಸಾಬೂನಿನಿಂದ ಕೈ ತೊಳೆಯದೆ ಮುಟ್ಟಬಾರದು, ಹೆಚ್ಚಿದ ಹಣ್ಣು ಒಯ್ಯಬಾರದು.

ಇನ್ನೊಂದು ಕೊರತೆ ನಿಜಕ್ಕೂ ನೋಯಿಸುತ್ತದೆ. ಸಾಯುವವಳು ರೇಚಲ್, ಆದರೆ ಬಹುಪಾಲು ಹೊತ್ತು ನಾವು ಕಾಣುವುದು ಗ್ರೆಗ್‌ನ ಸಂಕಟ. ಅರ್ಲ್‌ಗಂತೂ ಇನ್ನೂ ಕಡಿಮೆ ಜಾಗ. ಅವಳು ಹೋದ ಮೇಲೆ ಅವಳ ಕೋಣೆಯ ಪುಸ್ತಕ ಬಿಚ್ಚಿದರೆ, ಹಾಳೆಗಳನ್ನೇ ಕೊರೆದು ಒಳಗೆ ಪುಟ್ಟ ಪುಟ್ಟ ದೃಶ್ಯಗಳನ್ನು ಮಾಡಿಟ್ಟಿದ್ದಾಳೆ. ಇಂಥ ಕೈಯಿದ್ದ ಹುಡುಗಿಯನ್ನು ಚಿತ್ರ ಇಷ್ಟು ತಡವಾಗಿ ಪರಿಚಯಿಸಬಾರದಿತ್ತು.

ಕಾಲೇಜಿನಲ್ಲಿ ತೋರಿಸುವವರಿಗೆ: ಅವಧಿ 105 ನಿಮಿಷ. ಬೈಗುಳವಿದೆ, ನಶೆಯ ದೃಶ್ಯವೂ ಇದೆ. ಪಿಯುಸಿ ಮಕ್ಕಳಿಗೆ ಸರಿ, ಅದಕ್ಕೂ ಚಿಕ್ಕವರಿಗೆ ಬೇಡ. ಗ್ರೆಗ್ ಗಡಿಬಿಡಿಯಲ್ಲಿ ಮಾತಾಡುವುದರಿಂದ ಸಬ್‌ಟೈಟಲ್ ಹಾಕಲೇಬೇಕು. ಆಸ್ಪತ್ರೆಯಲ್ಲಿ ಅವನು ರೇಚಲ್‌ಗೆ ತನ್ನ ಸಿನಿಮಾ ತೋರಿಸುವಾಗ ಬ್ರಯಾನ್ ಈನೋ ಸಂಗೀತವೇ ಎಲ್ಲ ಹೇಳುತ್ತದೆ. ಲ್ಯಾಪ್‌ಟಾಪ್ ಸ್ಪೀಕರ್ ಸಾಲದು, ಫ್ಯಾನೂ ಆರಿಸಬೇಕು. ನಮ್ಮ ಬಿಸಿಲಲ್ಲಿ ಅದಾಗದ ಮಾತು, ಡಿಸೆಂಬರ್ ಇಲ್ಲವೇ ಜನವರಿಯ ಸಂಜೆ ಇಟ್ಟುಕೊಳ್ಳಿ. ಅವಳು ಸಾಯುವುದಿಲ್ಲ ಅಂತ ಗ್ರೆಗ್ ಕಥೆಯ ನಡುವೆ ನೋಡುಗರಿಗೆ ಭರವಸೆ ಕೊಡುತ್ತಾನೆ, ಅದು ಸುಳ್ಳು. ಮನೆಯಲ್ಲಿ ಕೀಮೋ ನಡೆದಿರುವ ಮಕ್ಕಳು ತರಗತಿಯಲ್ಲಿದ್ದರೆ ಅವರನ್ನು ಹೊರಗೆ ಕರೆದು ಈ ಸಂಗತಿಯನ್ನು ಮೊದಲೇ ಹೇಳಿಬಿಡಿ.